ಸಾಕುಗಿಳಿಗೂ ಜಿಲ್ಲೆಯಲ್ಲೇ ಚಿಕಿತ್ಸೆ ಸಿಗಲಿ



ಜಿಲ್ಲಾ ಕೇಂದ್ರಗಳ ಪಶು ಆಸ್ಪತ್ರೆಗಳಲ್ಲಿ ಹಸು, ಕುರಿ, ನಾಯಿಗಳಿಗೆ ಚಿಕಿತ್ಸೆ ಸಿಗುತ್ತದೆ. ಸಾಕುಗಿಳಿ ಕಾಯಿಲೆ ಬಿದ್ದರೆ ಮಾತ್ರ ನೋಡುವವರು ಅಪರೂಪ. ಈಚೆಗೆ ನಮ್ಮ ಕಾಕಟೀಲ್ ಗಿಳಿ ಕಾಳು ಮುಟ್ಟದೆ ಮಂಕಾದಾಗ ‘ಬೆಂಗಳೂರಿಗೆ ಒಯ್ಯಿರಿ’ ಎಂಬ ಉತ್ತರವೇ ಎಲ್ಲೆಡೆ ಸಿಕ್ಕಿತು.

ಗಿಳಿಗೆ ಅಷ್ಟು ಸಮಯವಿರುವುದಿಲ್ಲ. ಬೇಟೆಗೆ ತುತ್ತಾಗುವ ಜೀವಿಯಾದ್ದರಿಂದ ಅದು ರೋಗವನ್ನು ಆದಷ್ಟೂ ಮರೆಮಾಚುತ್ತದೆ. ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂರುವುದು, ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುವುದು ಕಾಣುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ. 100 ಗ್ರಾಂ ಆಸುಪಾಸಿನ ಹಕ್ಕಿಗೆ ಅಂದಾಜಿನಲ್ಲಿ ಔಷಧ ಹಾಕುವುದು ಪ್ರಾಣಾಪಾಯ. ಸಿಟಕೋಸಿಸ್‌ನಂಥ ಸೋಂಕು ಗಿಳಿಯಿಂದ ಮನುಷ್ಯರಿಗೂ ಹರಡುವುದರಿಂದ ಇದು ಸಾರ್ವಜನಿಕ ಆರೋಗ್ಯದ ವಿಷಯವೂ ಹೌದು.

ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಅವುಗಳ ಮೂಲಕ ಜಿಲ್ಲಾ ಪಶುವೈದ್ಯರಿಗೆ ಸಾಕುಹಕ್ಕಿಗಳ ಚಿಕಿತ್ಸೆಯಲ್ಲಿ ತರಬೇತಿ ಕೊಡಿಸಿ, ವಾರಕ್ಕೊಂದು ದಿನವಾದರೂ ಪಕ್ಷಿ ಚಿಕಿತ್ಸಾಲಯ ನಡೆಸಬೇಕು. ಅಲ್ಲಿಯವರೆಗೆ ದೂರವಾಣಿಯಲ್ಲಿ ತಜ್ಞರ ಸಲಹೆ ದೊರೆಯುವಂತೆ ಮಾಡಬೇಕು.

ಇನ್ನೊಂದು ಮಾತು. ನಮ್ಮ ನಾಡಿನ ಹಸಿರು ಗಿಳಿಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅವುಗಳನ್ನು ಕೂಡಿಹಾಕಿದವರು ಭಯದಿಂದ ವೈದ್ಯರ ಬಳಿಗೂ ಹೋಗುವುದಿಲ್ಲ. ಹಕ್ಕಿ ಪಂಜರದಲ್ಲೇ ನರಳಿ ಸಾಯುತ್ತದೆ. ಅಂಥ ಗಿಳಿಗಳನ್ನು ಅರಣ್ಯ ಇಲಾಖೆಗೆ ಒಪ್ಪಿಸುವ ದಾರಿಯನ್ನು ಇಲಾಖೆ ಸರಳಗೊಳಿಸಿ ಪ್ರಚಾರ ಮಾಡಬೇಕು.

ಪಶುಸಂಗೋಪನಾ ಇಲಾಖೆ ಸಾಕುಹಕ್ಕಿಗಳ ಚಿಕಿತ್ಸೆಯ ಈ ಕೊರತೆಯನ್ನು ಬೇಗ ನೀಗಿಸಲಿ.

– ಓದುಗರೊಬ್ಬರು, ದಾವಣಗೆರೆ