‘ಎಂತ’ ಅಂದರೆ ನಗುವುದೆಂತಕ್ಕೆ?

ಹೊನ್ನಾವರದಿಂದ ಬೆಂಗಳೂರಿನ ಹಾಸ್ಟೆಲ್‌ಗೆ ಬಂದ ಮೊದಲ ವಾರ ‘ಎಂತಕ್ಕೆ ಮಾರಾಯ?’ ಎಂದೆ. ರೂಮಿನವರೆಲ್ಲ ನಕ್ಕರು. ಒಬ್ಬ ಅದನ್ನೇ ಸಿನಿಮಾದ ಕಾಮಿಡಿ ನಟನಂತೆ ರಾಗ ಎಳೆದು ಹೇಳಿದ. ಈಗ ಬಿ.ಇ. ಮೂರನೇ ವರ್ಷ. ಪ್ಲೇಸ್‌ಮೆಂಟ್ ತಯಾರಿಯಲ್ಲೂ ಬಾಯಿ ತೆರೆಯುವ ಮುಂಚೆ ಒಮ್ಮೆ ತಡೆಯುತ್ತೇನೆ.

ನಮ್ಮ ಸಿನಿಮಾಗಳಲ್ಲಿ ಹೀರೊಗೆ ಹೆಚ್ಚಾಗಿ ಬೆಂಗಳೂರು-ಮೈಸೂರಿನ ಕನ್ನಡ. ಕರಾವಳಿಯ ಮಾತು ಹೋಟೆಲ್ ಭಟ್ಟರಿಗೆ, ಉತ್ತರ ಕರ್ನಾಟಕದ್ದು ರೌಡಿಗೋ ಪೆದ್ದನಿಗೋ. 2014ರ ‘ಉಳಿದವರು ಕಂಡಂತೆ’ ಈ ಲೆಕ್ಕ ತಪ್ಪಿಸಿತು. 2022ರ ‘ಕಾಂತಾರ’ದಲ್ಲಂತೂ ನಾಯಕ ಶಿವನದು ಕುಂದಾಪುರದ ಕನ್ನಡ, ಅವನಿಗೆ ಮೋಸ ಮಾಡುವ ಜಮೀನ್ದಾರನೂ ಅದೇ ಸೀಮೆಯವನು. ಯಾರು ಕೆಟ್ಟವನೆಂದು ಅಲ್ಲಿ ಮಾತಿನ ಧಾಟಿಯಿಂದ ತಿಳಿಯುವುದಿಲ್ಲ. ಯಾರಿಗೂ ನೋವಾಗದಿರಲಿ ಎಂದು ಖಳನಿಗೆ ಊರಿನ ಮಾತೇ ಬೇಡ ಎನ್ನುವ ನಾಜೂಕು ನನಗೆ ಬೇಕಿಲ್ಲ. ಹೀರೊಗೂ ಕೊಡಿ, ಸಾಕು.

ಆದರೆ ಎಷ್ಟೋ ಚಿತ್ರಗಳಲ್ಲಿ ಮುಸ್ಲಿಂ ಪಾತ್ರ ಇವತ್ತಿಗೂ ‘ನಮ್ದುಕೆ, ನಿಮ್ದುಕೆ’ ಎನ್ನುತ್ತದೆ. ಭಟ್ಕಳದಿಂದ ಕುಮಟಾಕ್ಕೆ ಹೋಗುವ ಬಸ್ಸಿನಲ್ಲಿ ಹವ್ಯಕ ಕನ್ನಡ, ಹಾಲಕ್ಕಿಗಳ ಮಾತು, ಕೊಂಕಣಿ, ನವಾಯತಿ ಎಲ್ಲವನ್ನೂ ಕೇಳಿದ್ದೇನೆ, ಇದೊಂದನ್ನು ಬಿಟ್ಟು. ನನ್ನ ಭಟ್ಕಳದ ಗೆಳೆಯನ ಮನೆಮಾತು ಕೊಂಕಣಿಗೆ ಹತ್ತಿರದ ನವಾಯತಿ. ನನ್ನ ಜೊತೆ ಅವನದೂ ‘ಎಂತ’ ಕನ್ನಡವೇ.

ಕಳೆದ ರಜೆಯಲ್ಲಿ ಅವನ ಮನೆಯಲ್ಲಿದ್ದಾಗ ಟಿವಿಯಲ್ಲಿ ಅಂಥದೊಂದು ದೃಶ್ಯ ಬಂತು. ಅವನ ಅಮ್ಮ ಕೇಳಿದರು: ‘ಇವ ಯಾವ ಊರಿನವ?’ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.