ಬಾರ್ಸಿಲೋನಾದ ಕಡಲತೀರದಲ್ಲಿ ಅತಿಥಿಧರ್ಮ

ಯುರೋಪ್ ಪ್ರವಾಸಕ್ಕೆ ಹೊರಡುವ ನಮ್ಮವರ ಪಟ್ಟಿಯಲ್ಲಿ ಲಂಡನ್, ಪ್ಯಾರಿಸ್‌ಗಳ ಜೊತೆಗೆ ಈಗ ಬಾರ್ಸಿಲೋನಾವೂ ಸೇರಿಕೊಂಡಿದೆ. ಮೆಡಿಟರೇನಿಯನ್ ಸಮುದ್ರದ ದಂಡೆ, ವರ್ಷದ ಬಹುಭಾಗ ಬೆಳಗುವ ಬಿಸಿಲು, ಗೌಡಿಯ ವಿಲಕ್ಷಣ ಸೌಂದರ್ಯದ ಕಟ್ಟಡಗಳು, 1882ರಲ್ಲಿ ಆರಂಭವಾದ ಸಗ್ರಾದಾ ಫಮಿಲಿಯಾ - ಇಷ್ಟಿದ್ದ ಮೇಲೆ ಜನ ಮುಗಿಬೀಳುವುದು ಸಹಜವೇ. ಊರಿನ ಅಂಚಿನಲ್ಲೇ ಬಾರ್ಸಿಲೊನೆತಾದ ಮರಳದಂಡೆ. ಕರಾವಳಿಯ ರೈಲು ಹತ್ತಿದರೆ ಉತ್ತರಕ್ಕೆ ಬಡಲೋನಾ. ನೈಋತ್ಯಕ್ಕೆ ಕಸ್ಟೆಲ್ಡೆಫೆಲ್ಸ್‌ನ ನೀಳವಾದ ತೀರ. ಅದರಾಚೆ ಚಿತ್ರಕಾರ, ಲೇಖಕ ಸಾಂತಿಯಾಗೋ ರುಸಿನ್ಯೋಲ್ ಮನೆಮಾಡಿದ್ದ ಸಿಟ್ಜೆಸ್. ಯಾವುದೂ ಒಂದು ಗಂಟೆಗಿಂತ ದೂರವಿಲ್ಲ.

ಆದರೆ ಬಾರ್ಸಿಲೋನಾದ ತೀರವನ್ನು ನಿಸರ್ಗವು ಹೀಗೆಯೇ ಸಿದ್ಧಪಡಿಸಿಟ್ಟಿರಲಿಲ್ಲ. 1848ರಲ್ಲಿ ಹಾಕಿದ ಮತಾರೋ ರೈಲುಹಳಿ, ಅದರ ಬದಿಯಲ್ಲಿ ಬೆಳೆದ ಕಾರ್ಖಾನೆಗಳು ನಗರವನ್ನೂ ಕಡಲನ್ನೂ ಬೇರೆ ಮಾಡಿದ್ದವು. 'ಕ್ಯಾಟಲನ್ನರ ಮ್ಯಾಂಚೆಸ್ಟರ್' ಎಂದು ಕರೆಸಿಕೊಂಡ ಪೊಬ್ಲೆನೋವ್‌ನ ಗಿರಣಿಗಳನ್ನು ನೆನೆದರೆ ನಮಗೆ ಪರೇಲ್, ಲಾಲ್‌ಬಾಗ್‌ಗಳು ನೆನಪಾಗದಿರವು. ಮರಳಿನ ಮೇಲೆ ಸೊಮೊರೊಸ್ತ್ರೋ ಎಂಬ ಗುಡಿಸಲುಗಳ ಕೇರಿಯಿತ್ತು. ಪ್ರಸಿದ್ಧ ಫ್ಲಾಮೆಂಕೋ ನರ್ತಕಿ ಕಾರ್ಮೆನ್ ಅಮಾಯಾ ಹುಟ್ಟಿದ್ದು ಅಲ್ಲಿಯೇ. 1966ರಲ್ಲಿ ಆ ಕೇರಿಯನ್ನು ಕೆಡವಿ, ಅನೇಕ ಕುಟುಂಬಗಳನ್ನು ಬಡಲೋನಾಕ್ಕೆ ಸಾಗಿಸಲಾಯಿತು. ಬಳಿಕ 1992ರ ಒಲಿಂಪಿಕ್ಸ್ ಬಂತು. ಹಳಿಗಳು ಸರಿದವು, ಕಾರ್ಖಾನೆಗಳು ಹೋದವು, ಮರಳು ಬಂತು. ಬಿರುಗಾಳಿ ಕೊಚ್ಚಿಕೊಂಡು ಹೋದ ಮರಳನ್ನು ಇಂದಿಗೂ ಮತ್ತೆ ತುಂಬಬೇಕಾಗುತ್ತದೆ. ಊರವರಿಗೆ ಕಡಲು ಮರಳಿ ಸಿಕ್ಕಿತು ಎಂಬುದು ಸತ್ಯ. ಸಿಕ್ಕ ಕಡಲು ಎಷ್ಟು ಕಾಲ ಅವರದಾಗಿ ಉಳಿಯಿತು ಎಂಬುದೇ ಪ್ರಶ್ನೆ.

2024ರ ಜುಲೈಯಲ್ಲಿ ನಗರದ ಬೀದಿಗಳಲ್ಲಿ ಪ್ರತಿಭಟನಾಕಾರರು ಉಪಾಹಾರಗೃಹಗಳ ಮುಂದೆ ಕುಳಿತಿದ್ದ ಪ್ರವಾಸಿಗರ ಮೇಲೆ ಆಟಿಕೆ ಪಿಸ್ತೂಲುಗಳಿಂದ ನೀರು ಚಿಮ್ಮಿಸಿದರು. ಅದಕ್ಕೆ ತುಸು ಮೊದಲೇ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ 10,101 ಮನೆಗಳ ಪರವಾನಗಿಯನ್ನು 2028ರ ನಂತರ ನವೀಕರಿಸುವುದಿಲ್ಲವೆಂದು ನಗರದ ಮೇಯರ್ ಘೋಷಿಸಿದ್ದರು. ಮನೆಗಳೆಲ್ಲ ತಂಗುದಾಣಗಳಾದರೆ ಬಾಡಿಗೆ ಏರುತ್ತದೆ; ಹುಟ್ಟಿದ ಬೀದಿಯಲ್ಲೇ ಬಾಳುವುದು ಊರವರಿಗೆ ಕೈಗೆಟುಕದ ಮಾತಾಗುತ್ತದೆ. ನೀರು ಚಿಮ್ಮಿಸಿದ್ದು ಶಿಷ್ಟಾಚಾರವಲ್ಲ. ಅತಿಥಿಗಳನ್ನು ಕರೆದದ್ದು ಆ ಊರೇ ಎಂಬುದೂ ನಿಜ. ಆದರೆ ಸಿಟ್ಟಿನ ಮೂಲ ಸುಳ್ಳಲ್ಲ.

ಹೊರನಾಡ ಕನ್ನಡಿಗರಾದ ನಮಗೆ ಇದನ್ನು ಓದುವಾಗ ಮೈ ಜುಮ್ಮೆನ್ನಬಹುದು. 1960ರ ದಶಕದ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಎದ್ದ ಕೂಗನ್ನು ಹಿರಿಯರು ಮರೆತಿಲ್ಲ. ಹಾಗೆಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಅನ್ನ ಅರಸಿ ಬಂದು, ಊರಿನ ದುಡಿಮೆಗೆ ಹೆಗಲು ಕೊಟ್ಟು, ಅಲ್ಲಿಯ ಮಾತನ್ನು ಕಲಿತು ನೆಲೆಸಿದವನು ಬೇರೆ. ನಾಲ್ಕು ದಿನ ಬಿಸಿಲು ಕಾಯಿಸಿಕೊಂಡು ಹೋಗುವವನು ಬೇರೆ.

ಬಾರ್ಸಿಲೋನಾವೂ ವಲಸಿಗರನ್ನು ಬಲ್ಲ ಊರು. 1950-60ರ ದಶಕಗಳಲ್ಲಿ ಆಂಡಲೂಸಿಯಾ, ಮುರ್ಸಿಯಾಗಳಿಂದ ಲಕ್ಷಾಂತರ ಬಡವರು ಕ್ಯಾಟಲೋನಿಯಾಕ್ಕೆ ಬಂದರು. ಅವರ ಮನೆಮಾತು ಸ್ಪ್ಯಾನಿಷ್. ಫ್ರಾಂಕೋ ಆಳ್ವಿಕೆಯಲ್ಲಿ ಶಾಲೆ, ಕಚೇರಿಗಳಿಂದ ಹೊರದೂಡಲ್ಪಟ್ಟಿದ್ದ ಕ್ಯಾಟಲನ್ 1983ರ ಭಾಷಾ ಕಾನೂನಿನ ತರುವಾಯ ಶಿಕ್ಷಣದ ಮಾಧ್ಯಮವಾಗಿ ಬೆಳೆಯಿತು. ಆ ವಲಸಿಗರ ಮಕ್ಕಳೂ ಅದನ್ನು ಕಲಿತರು. ಮನೆಯ ಮಾತು ಅದರಿಂದ ಅಳಿಯಲಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿಯನ್ನೋ ತಮಿಳನ್ನೋ ಆಡಿಕೊಂಡು ಬಾಳಿದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಆದರೂ ಆ ಭಾಷೆಯ ಸ್ಥಿತಿ ನೆಮ್ಮದಿಯದಲ್ಲ. ದಿನಬಳಕೆಗೆ ಮುಖ್ಯವಾಗಿ ಕ್ಯಾಟಲನ್ ನುಡಿಯನ್ನೇ ಅವಲಂಬಿಸಿದವರು ಕ್ಯಾಟಲೋನಿಯಾದಲ್ಲಿ 2003ರಲ್ಲಿ ಶೇಕಡಾ 46 ಇದ್ದರೆ, 2023ರ ಸಮೀಕ್ಷೆಯಲ್ಲಿ ಶೇಕಡಾ 32.6ಕ್ಕೆ ಇಳಿದರು. ಇದರ ಹೊಣೆಯನ್ನೆಲ್ಲ ಪ್ರವಾಸಿಯ ತಲೆಗೆ ಕಟ್ಟುವಂತಿಲ್ಲ. ಹೊರದೇಶಗಳಿಂದ ಬಂದು ನೆಲೆಸಿದವರ ಸಂಖ್ಯೆ ಹೆಚ್ಚಿದ್ದು ದೊಡ್ಡ ಕಾರಣ. ಅಂದರೆ ಅತಿಥಿಯ ಋಣಕ್ಕಿಂತ ನೆಲೆಸಿದವನ ಋಣ ದೊಡ್ಡದು. ಈ ಮಾತು ಬಾರ್ಸಿಲೋನಾಕ್ಕೆ ಹೇಗೋ ನಾವಿರುವ ಊರುಗಳಿಗೂ ಹಾಗೆಯೇ. ನಮ್ಮ ಹಿರಿಯರು ಸಲ್ಲಿಸಿದ ಆ ಋಣವನ್ನು, ಇಂಗ್ಲಿಷಿನಲ್ಲೇ ದಿನ ಕಳೆಯಬಲ್ಲ ನಮ್ಮ ಮಕ್ಕಳು ಸಲ್ಲಿಸುತ್ತಿದ್ದಾರೆಯೇ?

ಬಾರ್ಸಿಲೋನಾಕ್ಕೆ ಹೋಗಬೇಡಿ ಎನ್ನುವುದು ಈ ಲೇಖನದ ಉದ್ದೇಶವಲ್ಲ. ಅವಶ್ಯ ಹೋಗಿ. ಜನವಸತಿಯ ಮನೆಯನ್ನು ಬಿಟ್ಟು ಹೋಟೆಲಿನಲ್ಲಿ ತಂಗಿ. ಅಂಗಡಿಯವರಿಗೆ 'ಬೊನ್ ದಿಯಾ' ಎಂದು ಅವರ ನುಡಿಯಲ್ಲೇ ವಂದಿಸಿ. ಸೊಮೊರೊಸ್ತ್ರೋದ ಹೆಸರು ಈಗ ಒಂದು ಕಡಲದಂಡೆಗಿದೆ; ಅಲ್ಲಿ ಕುಳಿತಾಗ, ಆ ಮರಳಿನ ಮೇಲೆ ಒಂದು ಕಾಲಕ್ಕೆ ಒಲೆಗಳು ಉರಿದಿದ್ದವೆಂಬುದನ್ನು ನೆನೆಯಿರಿ. ಪರರ ಊರಿನಲ್ಲಿ ಬಾಳಿ ಬಲ್ಲ ನಾವು ಅಷ್ಟನ್ನೂ ಮಾಡದಿದ್ದರೆ ಇನ್ನಾರು ಮಾಡಿಯಾರು?