ಬೀಜ ಬದಲಾಗುವಾಗ ಕೂಲಿಯವನನ್ನು ಕೇಳುವವರಾರು?



ಕುಲಾಂತರಿ ಆಹಾರದ ಮಾತೆತ್ತಿದರೆ ನಮ್ಮ ಕಾಸರಗೋಡಿನಲ್ಲಿ ಅನೇಕರು ಕೂಡಲೇ ಎಂಡೋಸಲ್ಫಾನನ್ನು ನೆನೆಯುತ್ತಾರೆ. ಅದು ಸಹಜವೇ. 2000ನೇ ಇಸವಿಯ ತನಕ ಎರಡು ದಶಕಗಳಿಗೂ ಮಿಕ್ಕಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ವಿಷ ಸುರಿಯಿತು. ಎಣ್ಮಕಜೆ, ಮುಳಿಯಾರುಗಳ ಬಡಮನೆಗಳು ಅದರ ನೋವನ್ನು ಇಂದಿಗೂ ಹೊತ್ತಿವೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಆದರೆ ಅದು ಸಿಂಪಡಿಸುವ ಕೀಟನಾಶಕ. ಕುಲಾಂತರಿ ಬೀಜ ಬೇರೆಯೇ ಸಂಗತಿ. ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿದರೆ ನಮ್ಮ ವಾದವೇ ಸಡಿಲವಾಗುವುದು.

ಎರಡು ವಿಧದ ಬೀಜವನ್ನು ಬೆರೆಸಬಾರದೆಂಬ ಯಾಜಕಕಾಂಡದ ಆಜ್ಞೆಯನ್ನು ಕೆಲವರು ತೋರಿಸುತ್ತಾರೆ. ನಮ್ಮ ಜಿಲ್ಲೆಯ ನೀಲೇಶ್ವರದಲ್ಲೇ 1932ರಲ್ಲಿ ಎರಡು ತಳಿಗಳನ್ನು ಕೂಡಿಸಿ ಸಂಕರ ತೆಂಗನ್ನು ಮಾಡಿದರು. ಸಂಕರ ತೆಂಗಿನ ಕಾಯಿಯನ್ನು ನಾವು ಪಾಪಭಯವಿಲ್ಲದೆ ಉಣ್ಣುತ್ತೇವೆ. ಆದರೆ ಅಲ್ಲಿ ತಂದೆ ತಾಯಿ ಎರಡೂ ತೆಂಗೇ. ಬಿ.ಟಿ. ಬದನೆಯಲ್ಲಾದರೋ ಮಣ್ಣಿನ ಬ್ಯಾಕ್ಟೀರಿಯಾ ಒಂದರ ವಂಶವಾಹಿಯನ್ನು ಸೇರಿಸಿದ್ದಾರೆ. ಕಾಯಿಕೊರಕ ಹುಳವನ್ನು ಕೊಲ್ಲುವ ಪ್ರೋಟೀನು ಗಿಡದಲ್ಲೇ ಹುಟ್ಟುತ್ತದೆ.

ಇದರಿಂದ ಔಷಧ ಸಿಂಪಡಣೆ ಕಡಿಮೆಯಾಗುವುದೆಂದು ಬೆಂಬಲಿಗರು ಹೇಳುತ್ತಾರೆ. ಬೆನ್ನ ಮೇಲೆ ಔಷಧದ ಡಬ್ಬ ಹೊರುವ ನಾವು ಈ ಮಾತನ್ನು ಸುಮ್ಮನೆ ತಳ್ಳಿಹಾಕಲಾರೆವು. ಹಾಗೆಂದು ಸುಮ್ಮನೆ ನಂಬಲಾರೆವು ಸಹ. ಎಂಡೋಸಲ್ಫಾನಿಗೂ ನಿರಪಾಯವೆಂಬ ಮಾತೇ ಸಿಕ್ಕಿತ್ತು.

2009ರಲ್ಲಿ ತಜ್ಞರ ಸಮಿತಿ ಬಿ.ಟಿ. ಬದನೆಗೆ ಒಪ್ಪಿಗೆಯಿತ್ತಾಗ ಸಚಿವ ಜೈರಾಮ್ ರಮೇಶರು ಏಳು ನಗರಗಳಲ್ಲಿ ಜನರ ಅಹವಾಲು ಕೇಳಿದರು. ಕಡೆಯದು ಬೆಂಗಳೂರಿನಲ್ಲಿ. 2010ರ ಫೆಬ್ರವರಿ 9ರಂದು ತಡೆಯಾಜ್ಞೆ ಬಂತು. ಕೇಳಿದ್ದರಿಂದಲೇ ತಿಳಿಯಿತು, ತಿಳಿದುದರಿಂದಲೇ ನಿಂತಿತು. ಆದರೆ ಬಿ.ಟಿ. ಹತ್ತಿ 2002ರಿಂದ ದೇಶದಲ್ಲಿದೆ. ಅದರ ಬೀಜದ ಎಣ್ಣೆ ಅಡುಗೆಗೆ ಮಾರಾಟವಾಗುತ್ತಿದೆ. ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

2024ರ ಜುಲೈಯಲ್ಲಿ ಕುಲಾಂತರಿ ಸಾಸಿವೆಯ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಎರಡಾಯಿತು. ಆದರೂ ಸಂಬಂಧಪಟ್ಟವರೆಲ್ಲರನ್ನು ಕೇಳಿ ರಾಷ್ಟ್ರೀಯ ನೀತಿ ರಚಿಸಬೇಕೆಂಬಲ್ಲಿ ಇಬ್ಬರೂ ಒಂದಾದರು. ಬಿತ್ತುವವನೂ ಸಿಂಪಡಿಸುವವನೂ ಉಣ್ಣುವವನೂ ಸಂಬಂಧಪಟ್ಟವರಲ್ಲವೇ? ಆ ಅಹವಾಲು ಕಾಸರಗೋಡಿಗೂ ಬರಲಿ; ಮಲಯಾಳದೊಂದಿಗೆ ಕನ್ನಡದಲ್ಲೂ ನಡೆಯಲಿ. ಪೊಟ್ಟಣದ ಮೇಲೆ ನಮಗೆ ಓದಲು ಬರುವ ಅಕ್ಷರವಿರಲಿ.

ತೋಟವನ್ನು ವ್ಯವಸಾಯ ಮಾಡುವುದರ ಜೊತೆಗೆ ಕಾಯುವ ಹೊಣೆಯನ್ನೂ ದೇವರು ಮನುಷ್ಯನಿಗೆ ಒಪ್ಪಿಸಿದನು. ತಿಳಿಯದವನು ಕಾಯಲಾರನು. ಮುಂದಿನ ಕೂಟದಲ್ಲಿ ಇದನ್ನು ಓದಿ ಚರ್ಚಿಸಿರಿ.